ಕನ್ನಡ ಫೈಲ್ ತೆರೆದರೆ ಇಂಗ್ಲಿಷ್ ಗೀಟುಗಳು ಬರುತ್ತಿವೆಯಾ? ಮೊದಲು ಬೈಟ್ ನೋಡಿ, ಆಮೇಲೆ ಬದಲಿಸಿ

ಬ್ರಹ್ಮಾವರ ಕಡೆಯ ಭಾಗವತರೊಬ್ಬರು ಒಂದು ಪೆನ್ ಡ್ರೈವ್ ಹಿಡಿದುಕೊಂಡು ಉಡುಪಿಯ ನಮ್ಮ ಕೋಣೆಗೆ ಬಂದಿದ್ದರು. ಒಳಗೆ ಯಕ್ಷಗಾನ ಪ್ರಸಂಗಗಳ ಪದ್ಯಗಳು. ಹದಿನೈದು ಇಪ್ಪತ್ತು ವರ್ಷಗಳಿಂದ ಬೇರೆ ಬೇರೆ ಊರಿನ ಡಿಟಿಪಿ ಅಂಗಡಿಗಳಲ್ಲಿ, ನೆಂಟರ ಮನೆಯ ಕಂಪ್ಯೂಟರ್‌ಗಳಲ್ಲಿ ಸ್ವಲ್ಪ ಸ್ವಲ್ಪವೇ ಟೈಪ್ ಮಾಡಿಸಿ ಇಟ್ಟದ್ದು.

"ಎಂತ ಮಾರಾಯ್ರೇ ಇದು, ಕೊಟ್ಟದ್ದು ಕನ್ನಡ, ಈಗ ತೆರೆದರೆ ಎಂತದೋ ಇಂಗ್ಲಿಷ್ ಬರ್ತದೆ. ಸರಿ ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ಹೆಚ್ಚಿನದ್ದು ಆಗ್ತದೆ ಭಾಗವತರೇ. ಆದರೆ ಯಾವ ಫೈಲಿಗೆ ಏನಾಗಿದೆ ಅಂತ ಮೊದಲು ನೋಡ್ಬೇಕು" ಎಂದೆ.

ಆ ಒಂದೇ ಫೋಲ್ಡರ್‌ನಲ್ಲಿ ಐದು ಬಗೆಯ ತೊಂದರೆ ಸಿಕ್ಕಿತು. ನೋಡಲು ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಮದ್ದು ಮಾತ್ರ ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ವಿಷ. ಅದಕ್ಕೇ ಈ ಬರಹ. ಮಂಗಳೂರು, ಉಡುಪಿ, ಕುಂದಾಪುರದ ಎಷ್ಟೋ ಮನೆಗಳಲ್ಲಿ, ಸಂಘಗಳಲ್ಲಿ, ಮುದ್ರಣಾಲಯಗಳಲ್ಲಿ ಇಂಥ ಫೈಲ್‌ಗಳು ಬಿದ್ದಿವೆ. ಗೊತ್ತಿಲ್ಲದೆ ಒಂದು ಸಲ ತಪ್ಪಾಗಿ ಸೇವ್ ಮಾಡಿದರೆ ಅಕ್ಷರ ಮತ್ತೆ ಬರುವುದಿಲ್ಲ.

ಮುಟ್ಟುವ ಮೊದಲು

ಮೂಲ ಫೋಲ್ಡರನ್ನು ಇನ್ನೊಂದು ಕಡೆ ಕಾಪಿ ಮಾಡಿ, ಬರೆಯಲು ಆಗದಂತೆ ಬೀಗ ಹಾಕಿಡಿ. ಕೆಲಸ ಏನಿದ್ದರೂ ಕಾಪಿಯ ಮೇಲೆ. ಫೈಲ್ ಹೇಗಿದೆ ನೋಡೋಣ ಎಂದು ಯಾವುದೋ ಎಡಿಟರ್‌ನಲ್ಲಿ ತೆರೆದು, ಮುಚ್ಚುವಾಗ "ಸೇವ್ ಮಾಡಲಾ?" ಎಂದು ಕೇಳಿದ್ದಕ್ಕೆ ಹೂಂ ಅನ್ನಬೇಡಿ. ಜಾಸ್ತಿ ಹಾಳಾಗುವುದು ಅಲ್ಲೇ.

ಮುಖ್ಯ ಸಾಧನ ಐಕಾನ್ವ್, ಪಠ್ಯವನ್ನು ಒಂದು ಬಗೆಯ ಬೈಟ್‌ಗಳಿಂದ ಇನ್ನೊಂದು ಬಗೆಗೆ ಬದಲಿಸುವ ಕಮಾಂಡ್. ಅಕ್ಷರ ಬಿಡಿಸಿ ಹೇಳುವುದಾದರೆ ಐ, ಸಿ, ಒ, ಎನ್, ವಿ. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ಮೊದಲೇ ಇರುತ್ತದೆ. ವಿಂಡೋಸ್‌ನವರು ಗಿಟ್ ಬ್ಯಾಶ್ ಹಾಕಿಕೊಂಡರೆ ಅದರ ಜೊತೆಗೇ ಬರುತ್ತದೆ. ಕಮಾಂಡ್‌ಗಳನ್ನು ನಾನಿಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಆಯ್ಕೆಗಳೆಲ್ಲ ಸಣ್ಣ ಅಕ್ಷರ.

ಕೆಟ್ಟದ್ದು ಫೈಲಾ, ಪರದೆಯಾ?

ಸಾಲು ಸಾಲು ಖಾಲಿ ಡಬ್ಬಿಗಳು ಕಂಡರೆ ಫೈಲ್ ಸರಿಯಾಗಿಯೇ ಇರಬಹುದು. ಆ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ. ಟರ್ಮಿನಲ್‌ನಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ ಅದೂ ಫೈಲ್‌ನ ತಪ್ಪಲ್ಲ. ಹೆಚ್ಚಿನ ಟರ್ಮಿನಲ್‌ಗಳಿಗೆ ಕನ್ನಡದ ಅಕ್ಷರ ಜೋಡಿಸಲು ಸರಿಯಾಗಿ ಬರುವುದಿಲ್ಲ. ಹಾಗಾಗಿ ಟರ್ಮಿನಲ್‌ನಲ್ಲಿ ಕಂಡದ್ದನ್ನು ನಂಬಿ ಫೈಲ್ ತಿದ್ದಬೇಡಿ.

ಒಂದು ಸಣ್ಣ ಪರೀಕ್ಷೆ ಇದೆ. ಸರಿಯಾಗಿದೆ ಎಂದು ಖಾತ್ರಿ ಇರುವ ಒಂದು ಹೊಸ ಫೈಲ್ ಮಾಡಿ. ಅದರಲ್ಲಿ "ಉಡುಪಿ" ಎಂದು ಮಾತ್ರ ಬರೆದು ಯುಟಿಎಫ್-8ರಲ್ಲಿ (ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಇಡುವ ಒಂದು ಬಗೆ) ಸೇವ್ ಮಾಡಿ. ಅದನ್ನು ಅದೇ ಕಿಟಕಿಯಲ್ಲಿ ತೆರೆಯಿರಿ. ಇದೂ ಕೆಟ್ಟು ಕಂಡರೆ ದೋಷ ಕಿಟಕಿಯದ್ದು. ವಿಂಡೋಸ್‌ನ ಹಳೆಯ ಕಪ್ಪು ಕಿಟಕಿಯಲ್ಲಾದರೆ "ಸಿಎಚ್‌ಸಿಪಿ 65001" ಎಂದು ಹೊಡೆದು ಮತ್ತೆ ನೋಡಿ. ಇದು ಸರಿಯಾಗಿ ಕಂಡು, ನಿಮ್ಮ ಫೈಲ್ ಮಾತ್ರ ಕೆಟ್ಟಿದ್ದರೆ ಮುಂದೆ ಓದಿ.

ಬೈಟ್ ಓದುವುದು

ಇದನ್ನು ಬಿಟ್ಟು ಯಾರೂ ಮುಂದೆ ಹೋಗಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ. ಫೈಲ್‌ನೊಳಗೆ ಅಕ್ಷರಗಳಿರುವುದಿಲ್ಲ, ಬೈಟ್‌ಗಳಿರುತ್ತವೆ. ಎನ್‌ಕೋಡಿಂಗ್ ಎಂದರೆ ಆ ಬೈಟ್‌ಗಳನ್ನು ಹೇಗೆ ಓದಬೇಕು ಎಂಬ ಒಪ್ಪಂದ. ಒಪ್ಪಂದ ಯಾವುದು ಎಂದು ಟಿಎಕ್ಸ್‌ಟಿ ಫೈಲ್ ಮೇಲೆ ಎಲ್ಲೂ ಬರೆದಿರುವುದಿಲ್ಲ. ನಾವೇ ಕಂಡುಹಿಡಿಯಬೇಕು.

ಎಕ್ಸ್‌ಎಕ್ಸ್‌ಡಿ -ಜಿ 1 -ಎಲ್ 48 ಪದ್ಯ.ಟಿಎಕ್ಸ್‌ಟಿ

ಇದು ಮೊದಲ 48 ಬೈಟ್‌ಗಳನ್ನು ಒಂದೊಂದಾಗಿ ತೋರಿಸುತ್ತದೆ. ಎಣಿಕೆ ಹದಿನಾರರದ್ದು, 9 ಆದಮೇಲೆ ಎ, ಬಿ, ಸಿ, ಡಿ, ಇ, ಎಫ್ ಕೂಡ ಅಂಕಿಗಳೇ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಕೊಟ್ಟ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಈ ಜಾಗದ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಮೊದಲನೆಯದು ಯಾವಾಗಲೂ ಇ0. ಎರಡನೆಯದು ಬಿ2 ಅಥವಾ ಬಿ3. "ಉಡುಪಿ" ಎಂದು ಬರೆದರೆ ಉ, ಡ, ಉಕಾರದ ಕೊಂಬು, ಪ, ಇಕಾರದ ಗುಡಿಸು ಎಂದು 5 ಚಿಹ್ನೆ. ಅಂದರೆ 15 ಬೈಟ್:

ಇ0 ಬಿ2 89 ಇ0 ಬಿ2 ಎ1 ಇ0 ಬಿ3 81 ಇ0 ಬಿ2 ಎಎ ಇ0 ಬಿ2 ಬಿಎಫ್

ಈ "ಇ0 ಬಿ2, ಇ0 ಬಿ3" ಎಂಬ ತಾಳ ಕಿವಿಗೆ ಕೂತರೆ ಅರ್ಧ ಕೆಲಸ ಆದಂತೆ. ಇದು ಕಂಡರೆ ಫೈಲ್ ಆರೋಗ್ಯವಾದ ಯುಟಿಎಫ್-8 ಕನ್ನಡ. ಅದನ್ನು ಏನೂ ಮಾಡಬೇಡಿ. ತೆರೆಯುವ ಪ್ರೋಗ್ರಾಂ ತಪ್ಪಾಗಿ ಓದುತ್ತಿದೆ, ಅದಕ್ಕೆ ಯುಟಿಎಫ್-8 ಎಂದು ಹೇಳಿಕೊಡಿ. ಭಾಗವತರ ಫೈಲ್‌ಗಳಲ್ಲಿ ಮೂರನೇ ಒಂದು ಪಾಲು ಇಂಥವೇ. ಯಾವ ತೊಂದರೆಯೂ ಇಲ್ಲದವು.

"ಫೈಲ್ -ಐ" ಎಂಬ ಕಮಾಂಡ್ ಕೂಡ ಎನ್‌ಕೋಡಿಂಗ್ ಊಹಿಸಿ ಹೇಳುತ್ತದೆ. ಮ್ಯಾಕ್‌ನಲ್ಲಿ ಆ ಐ ದೊಡ್ಡ ಅಕ್ಷರ. ಅದು ಯುಟಿಎಫ್-8 ಅಥವಾ ಯುಟಿಎಫ್-16 ಎಂದರೆ ಹೆಚ್ಚಾಗಿ ನಂಬಬಹುದು. ಐಎಸ್‌ಒ-8859-1 (ಯುರೋಪಿನ ಭಾಷೆಗಳ ಹಳೆಯ ಎನ್‌ಕೋಡಿಂಗ್) ಎಂದರೆ ಮಾತ್ರ ನಂಬಬೇಡಿ. ಕನ್ನಡ ಫೈಲ್‌ನ ಮಟ್ಟಿಗೆ ಆ ಉತ್ತರದ ಅರ್ಥ "ನನಗೆ ಗುರುತು ಸಿಗಲಿಲ್ಲ" ಎಂದಷ್ಟೇ.

ಸಣ್ಣ ಎ ಬಂತಾ, ದೊಡ್ಡ ಎ ಬಂತಾ?

ಬೈಟ್ ನೋಡುವ ಅಭ್ಯಾಸ ಇಲ್ಲದವರಿಗೆ ಕಣ್ಣಿನಲ್ಲೇ ಗುರುತಿಸುವ ಒಂದು ದಾರಿ ಇದೆ. ಕೆಟ್ಟ ಸಾಲನ್ನು ಗಮನಿಸಿ ನೋಡಿ.

ತಲೆಯ ಮೇಲೆ ಗೀಟು ಇರುವ ಇಂಗ್ಲಿಷ್‌ನ ಸಣ್ಣ ಎ ಅಕ್ಷರ, ಅದರ ಪಕ್ಕ ಮೇಲೆ ಕೂತ ಚಿಕ್ಕ 2 ಅಥವಾ ಚಿಕ್ಕ 3, ಇದೇ ಮತ್ತೆ ಮತ್ತೆ ಬಂದರೆ ಅದು ಯುಟಿಎಫ್-8 ಕನ್ನಡ. ಯಾರೋ ಅದನ್ನು ವಿಂಡೋಸ್-1252, ಅಂದರೆ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗೆ ವಿಂಡೋಸ್ ಬಳಸುತ್ತಿದ್ದ ಹಳೆಯ ಎನ್‌ಕೋಡಿಂಗ್, ಎಂದು ಓದಿದ್ದಾರೆ. ವಿಂಡೋಸ್-1252ರಲ್ಲಿ ಇ0 ಬೈಟ್ ಎಂದರೆ ಗೀಟಿನ ಸಣ್ಣ ಎ. ಬಿ2 ಎಂದರೆ ಚಿಕ್ಕ 2. ಬಿ3 ಎಂದರೆ ಚಿಕ್ಕ 3. ಮೇಲೆ ಹೇಳಿದ ತಾಳವೇ ಬೇರೆ ವೇಷದಲ್ಲಿ ಬಂದಿದೆ.

ಗೀಟು ಹೊತ್ತ ದೊಡ್ಡ ಎ, ಮಧ್ಯೆ ಮಧ್ಯೆ ಪೌಂಡ್ ಹಣದ ಗುರುತು, ನಡುವೆ ಸಾದಾ ಇಂಗ್ಲಿಷ್ ಅಕ್ಷರಗಳು ಬಂದರೆ ಅದು ನುಡಿ ಅಥವಾ ಬರಹ ತಂತ್ರಾಂಶಗಳ ಕಾಲದ ಹಳೆಯ ಫಾಂಟ್‌ನ ಪಠ್ಯ. ಇದು ಪೂರ್ತಿ ಬೇರೆ ಕಾಯಿಲೆ. ಐಕಾನ್ವ್ ಒಂದರಿಂದಲೇ ವಾಸಿಯಾಗುವುದಿಲ್ಲ.

ಸಣ್ಣ ಎ, ದೊಡ್ಡ ಎ. ಈ ಒಂದು ವ್ಯತ್ಯಾಸ ನೆನಪಿದ್ದರೆ ಫೋನಿನಲ್ಲಿ ಕೇಳಿಯೇ ರೋಗ ಹೇಳಬಹುದು.

ಯುಟಿಎಫ್-16: ಸುಲಭದ್ದು ಮೊದಲು

ಬೈಟ್‌ಗಳ ಮೊದಲಿಗೆ "ಎಫ್‌ಎಫ್ ಎಫ್‌ಇ" ಇದ್ದು, ಆಮೇಲೆ ಒಂದು ಬಿಟ್ಟು ಒಂದು 0ಸಿ ಬರುತ್ತಿದ್ದರೆ ಅದು ಯುಟಿಎಫ್-16, ಕನ್ನಡದ ಪ್ರತಿ ಚಿಹ್ನೆಗೆ 2 ಬೈಟ್ ಹಿಡಿಯುವ ಎನ್‌ಕೋಡಿಂಗ್. "ಉಡುಪಿ" ಇಲ್ಲಿ 89 0ಸಿ ಎ1 0ಸಿ ಸಿ1 0ಸಿ ಎಎ 0ಸಿ ಬಿಎಫ್ 0ಸಿ ಎಂದು ಕಾಣುತ್ತದೆ. ಟರ್ಮಿನಲ್‌ನ ಲೆಸ್ ಕಮಾಂಡ್‌ನಲ್ಲಿ ತೆರೆದರೆ ಟೋಪಿ ಗುರುತಿನ ಜೊತೆ ಎಲ್ ಅಕ್ಷರ ಪುಟವಿಡೀ ತುಂಬಿರುತ್ತದೆ. ಕಾರಣ, 0ಸಿ ಎಂಬುದು ಪ್ರಿಂಟರ್‌ಗೆ "ಹೊಸ ಪುಟಕ್ಕೆ ಹೋಗು" ಎನ್ನುವ ಹಳೆಯ ಸಂಕೇತ.

ಇಂಥ ಫೈಲ್ ಎಲ್ಲಿಂದ ಬರುತ್ತದೆ? ನೋಟ್‌ಪ್ಯಾಡ್‌ನ ಹಳೆಯ ಆವೃತ್ತಿಗಳಲ್ಲಿ ಸೇವ್ ಮಾಡುವಾಗ "ಯೂನಿಕೋಡ್" ಎಂಬ ಆಯ್ಕೆ ಇತ್ತು. ಅದರ ಅರ್ಥ ಯುಟಿಎಫ್-16. ವಿಂಡೋಸ್ 10ರ 1903 ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8 ಹಿಡಿಯುತ್ತದೆ. ಪವರ್‌ಶೆಲ್ 5.1ರಲ್ಲಿ ಬಾಣದ ಗುರುತು ಹಾಕಿ ಫೈಲಿಗೆ ಬರೆಸಿದರೂ ಯುಟಿಎಫ್-16 ಬರುತ್ತದೆ.

ಐಕಾನ್ವ್ -ಎಫ್ ಯುಟಿಎಫ್-16 -ಟಿ ಯುಟಿಎಫ್-8 ಪದ್ಯ.ಟಿಎಕ್ಸ್‌ಟಿ > ಪದ್ಯ-ಹೊಸ.ಟಿಎಕ್ಸ್‌ಟಿ

ಎಫ್ ಎಂದರೆ ಯಾವುದರಿಂದ, ಟಿ ಎಂದರೆ ಯಾವುದಕ್ಕೆ. ಬಾಣದ ಎರಡೂ ಕಡೆ ಒಂದೇ ಫೈಲ್ ಹೆಸರು ಕೊಡಬೇಡಿ. ಐಕಾನ್ವ್ ಓದಲು ಶುರು ಮಾಡುವ ಮೊದಲೇ ಶೆಲ್ ಆ ಫೈಲನ್ನು ಖಾಲಿ ಮಾಡಿಬಿಡುತ್ತದೆ. ಕೈಗೆ ಸಿಗುವುದು ಸೊನ್ನೆ ಬೈಟ್.

ಮೊದಲಿನ "ಎಫ್‌ಎಫ್ ಎಫ್‌ಇ" ಗುರುತಿಗೆ ಬಿಒಎಂ ಎನ್ನುತ್ತಾರೆ. ಅದು ಇದ್ದರೆ ಬರೀ ಯುಟಿಎಫ್-16 ಎಂದು ಕೊಡಿ. ಐಕಾನ್ವ್ ಅದನ್ನು ಓದಿ, ತೆಗೆದುಹಾಕುತ್ತದೆ. ಯುಟಿಎಫ್-16ಎಲ್‌ಇ ಎಂದು ಕೊಟ್ಟರೆ ಆ ಗುರುತು ಹೊಸ ಫೈಲ್‌ನ ತಲೆಗೂ ಅಂಟಿಕೊಂಡು ಬರುತ್ತದೆ. ಬಿಒಎಂ ಇಲ್ಲದೆ 0ಸಿ ಮಾತ್ರ ಎರಡನೇ ಜಾಗದಲ್ಲಿ ಕಾಣುತ್ತಿದ್ದರೆ ಆಗ ಎಲ್‌ಇ ಎಂದು ಸ್ಪಷ್ಟವಾಗಿ ಬರೆಯಲೇಬೇಕು.

ಎರಡು ಸಲ ಎನ್‌ಕೋಡ್ ಆದ ಫೈಲ್

ನನ್ನ ಸಮಯ ಜಾಸ್ತಿ ಹೋದದ್ದು ಇಲ್ಲಿ. ಯಾರೋ ಯುಟಿಎಫ್-8 ಕನ್ನಡವನ್ನು ವಿಂಡೋಸ್-1252 ಎಂದು ತೆರೆದಿದ್ದಾರೆ. ಗೀಟಿನ ಎ ಅಕ್ಷರಗಳು ಕಂಡಿವೆ. ಆ ಗೀಟುಗಳನ್ನೇ ಮತ್ತೆ ಯುಟಿಎಫ್-8 ಎಂದು ಸೇವ್ ಮಾಡಿದ್ದಾರೆ. ಈಗ ಬೈಟ್‌ಗಳಲ್ಲೇ "ಸಿ3 ಎ0 ಸಿ2 ಬಿ2" ಎಂದು ಬಂದು ಕೂತಿದೆ. 3 ಬೈಟ್ ಇದ್ದ ಚಿಹ್ನೆ 6 ಅಥವಾ 7 ಬೈಟ್ ಆಗಿದೆ. "ಫೈಲ್ -ಐ" ಕೇಳಿದರೆ ಯುಟಿಎಫ್-8, ಎಲ್ಲ ಸರಿ ಎನ್ನುತ್ತದೆ. ಅದು ಹೇಳುವುದು ಸುಳ್ಳಲ್ಲ. ಗೀಟಿನ ಎ ಕೂಡ ಯುಟಿಎಫ್-8ರಲ್ಲಿ ಸರಿಯಾದ ಅಕ್ಷರವೇ ಅಲ್ವಾ?

ಮದ್ದು ತಿರುಗುಮುರುಗು ದಾರಿ:

ಐಕಾನ್ವ್ -ಎಫ್ ಯುಟಿಎಫ್-8 -ಟಿ ವಿಂಡೋಸ್-1252 ಪದ್ಯ.ಟಿಎಕ್ಸ್‌ಟಿ > ಪದ್ಯ-ಹೊಸ.ಟಿಎಕ್ಸ್‌ಟಿ

ಹೆಸರಿಗೆ ವಿಂಡೋಸ್-1252 ಎಂದು ಕೇಳಿದ್ದೇವೆ. ಹೊರಗೆ ಬರುವ ಬೈಟ್‌ಗಳು ಮಾತ್ರ ಹಳೆಯ ಯುಟಿಎಫ್-8 ಕನ್ನಡ. ಎಕ್ಸ್‌ಎಕ್ಸ್‌ಡಿಯಲ್ಲಿ ನೋಡಿದರೆ ಇ0 ಬಿ2 ತಾಳ ಮತ್ತೆ ಕಾಣುತ್ತದೆ.

ಇಷ್ಟಕ್ಕೇ ಮುಗಿದರೆ ಚೆನ್ನಾಗಿತ್ತು. ಕನ್ನಡದಲ್ಲಿ ಮುಗಿಯುವುದಿಲ್ಲ. ವಿಂಡೋಸ್-1252ರಲ್ಲಿ 5 ಬೈಟ್‌ಗಳಿಗೆ ಯಾವ ಅಕ್ಷರವೂ ಇಲ್ಲ: 81, 8ಡಿ, 8ಎಫ್, 90, 9ಡಿ. ನಮ್ಮ ಅಕ್ಷರಗಳ ಕೊನೆಯ ಬೈಟ್ ನೋಡಿ. ಉಕಾರದ ಕೊಂಬು ಇ0 ಬಿ3 81. ಹಲಂತ, ಅಂದರೆ ಒತ್ತಕ್ಷರಕ್ಕೆಲ್ಲ ಬೇಕಾದ ಅರ್ಧಾಕ್ಷರದ ಗುರುತು, ಇ0 ಬಿ3 8ಡಿ. ಏ, ಐ, ಝ ಕ್ರಮವಾಗಿ 8ಎಫ್, 90, 9ಡಿ. ಕೊಂಬು ಮತ್ತು ಹಲಂತ ಇಲ್ಲದೆ ಕನ್ನಡದ ಒಂದು ಸಾಲನ್ನಾದರೂ ಬರೆಯಲು ಆಗುತ್ತದೆಯೇ? ಹಾಗಾಗಿ ಮೇಲಿನ ಕಮಾಂಡ್ ಮೊದಲ ಒತ್ತಕ್ಷರದಲ್ಲೇ ಮುಗ್ಗರಿಸಿ ನಿಲ್ಲುವುದು ಮಾಮೂಲು.

ನಿಂತಾಗ ಕೆಲವರು "-ಸಿ" ಆಯ್ಕೆ ಸೇರಿಸುತ್ತಾರೆ. ಒಪ್ಪದ್ದನ್ನು ಬಿಟ್ಟು ಮುಂದೆ ಹೋಗು ಎಂದು ಅದರ ಅರ್ಥ. ದಯವಿಟ್ಟು ಹಾಗೆ ಮಾಡಬೇಡಿ. ಫೈಲ್‌ನಲ್ಲಿರುವ ಅಷ್ಟೂ ಕೊಂಬು, ಅಷ್ಟೂ ಹಲಂತದ ಕೊನೆಯ ಬೈಟ್ ಕಳೆದುಹೋಗುತ್ತದೆ. ದೋಷದ ಸಂದೇಶ ಹೋಗಿರುತ್ತದೆ, ಅದರ ಜೊತೆ ಪದ್ಯವೂ ಹೋಗಿರುತ್ತದೆ.

ಬದಲಿಗೆ ಪೈಥಾನ್‌ನ ಎಫ್‌ಟಿಎಫ್‌ವೈ ಎಂಬ ಲೈಬ್ರರಿ ಹಾಕಿಕೊಳ್ಳಿ. ಅದರಲ್ಲಿ ಸ್ಲಾಪಿ-ವಿಂಡೋಸ್-1252 ಎಂಬ ಒಂದು ಎನ್‌ಕೋಡಿಂಗ್ ಇದೆ. ಆ 5 ಖಾಲಿ ಬೈಟ್‌ಗಳನ್ನು ಬಿಸಾಡದೆ ಹಾಗೇ ದಾಟಿಸುತ್ತದೆ. ಫೈಲನ್ನು ಯುಟಿಎಫ್-8 ಎಂದು ಓದಿ, ಈ ಸ್ಲಾಪಿ ಎನ್‌ಕೋಡಿಂಗ್‌ನಲ್ಲಿ ಬೈಟ್ ಮಾಡಿ, ಆ ಬೈಟ್‌ಗಳನ್ನೇ ಹೊಸ ಫೈಲಿಗೆ ಬರೆದರೆ ಆಯಿತು. ಮೂರು ನಾಲ್ಕು ಸಾಲಿನ ಪೈಥಾನ್. ಆ ಲೈಬ್ರರಿಯಲ್ಲಿ ಎಲ್ಲವನ್ನೂ ತಾನೇ ಸರಿಮಾಡುವ ಒಂದು ದಾರಿಯೂ ಇದೆ. ಅದು ಉದ್ಧರಣ ಚಿಹ್ನೆಗಳನ್ನೂ ನೇರ ಮಾಡಿಬಿಡುತ್ತದೆ. ಹಳೆಯ ಪಠ್ಯ ಇದ್ದ ಹಾಗೇ ಉಳಿಯಬೇಕಾದರೆ ಎನ್‌ಕೋಡಿಂಗ್ ಒಂದನ್ನೇ ಬಳಸುವುದು ಒಳ್ಳೆಯದು.

ಇದಕ್ಕೂ ಮುಂದಿನ ಹಂತದ ಹಾಳು ಒಂದು ಇದೆ. ಗೀಟುಗಳ ಪಠ್ಯ ಇಮೇಲ್ ಮೂಲಕವೋ ಯಾವುದೋ ಫಾರಂ ಮೂಲಕವೋ ಹಾದು ಬರುವಾಗ, ಕಣ್ಣಿಗೆ ಕಾಣದ ಆ ಬೈಟ್‌ಗಳನ್ನು ನಡುವಿನ ಪ್ರೋಗ್ರಾಂ ಕಸ ಎಂದು ಗುಡಿಸಿ ಹಾಕಿರುತ್ತದೆ. ಆಗ ತಿರುಗಿಸಿದ ಮೇಲೆ ಇ0 ಬಿ3 ಎಂದು ಎರಡೇ ಬೈಟ್ ಉಳಿದು, ಮೂರನೆಯದು ಇರುವುದಿಲ್ಲ. ಅಂಥ ಜಾಗದಲ್ಲಿ ಇದ್ದದ್ದು ಹೆಚ್ಚುಕಡಿಮೆ ಖಂಡಿತ ಕೊಂಬು ಅಥವಾ ಹಲಂತ. ಇ0 ಬಿ2 ಮಾತ್ರ ಉಳಿದಿದ್ದರೆ ಏ, ಐ, ಝ. ಕೆಲವೊಮ್ಮೆ ಠ ಕೂಡ, ಯಾಕೆಂದರೆ ಅದರ ಕೊನೆಯ ಬೈಟ್ ಎ0. ವಿಂಡೋಸ್-1252ರಲ್ಲಿ ಅದು ಒಂದು ಬಗೆಯ ಖಾಲಿ ಜಾಗ, ಸಾಲು ಒಪ್ಪ ಮಾಡುವ ಪ್ರೋಗ್ರಾಂಗಳು ಅದನ್ನು ಸಾದಾ ಖಾಲಿ ಜಾಗ ಮಾಡಿಬಿಡುತ್ತವೆ. ಭ ಅಕ್ಷರದ ಕೊನೆಯ ಬೈಟ್ ಎಡಿ. ಅದು ಕಣ್ಣಿಗೆ ಕಾಣದ ಅಡ್ಡಗೆರೆ, ಅದೂ ಬಿದ್ದುಹೋಗುತ್ತದೆ. ಸಂಘದ ಲೆಕ್ಕದ ಫೈಲ್‌ನಲ್ಲಿ "ಠೇವಣಿ" ಎಂಬ ಪದ ಮಾತ್ರ ಎಲ್ಲ ಕಡೆ ಮುರಿದು, ಉಳಿದದ್ದು ಸರಿಯಿದ್ದರೆ ಕಾರಣ ಇದೇ.

ಈ ಖಾಲಿ ಜಾಗ ತುಂಬುವುದು ಯಂತ್ರದ ಕೆಲಸ ಅಲ್ಲ. "ಕನ" ಆದಮೇಲೆ ಏನೋ ಒಂದು ಬಿದ್ದು, ಮತ್ತೆ "ನಡ" ಇದ್ದರೆ ನಮಗೆ ಹಲಂತ ಎಂದು ತಕ್ಷಣ ಗೊತ್ತಾಗುತ್ತದೆ. ಕನ್ನಡ ಓದಲು ಬರುವವರು ಕೂತು ತುಂಬಬೇಕು.

ನುಡಿ, ಬರಹ ಫಾಂಟ್‌ನ ಫೈಲ್‌ಗಳು

ದೊಡ್ಡ ಎ ಕಾಣುವ ಫೈಲ್‌ಗಳಿವು. ಕರಾವಳಿಯ ಡಿಟಿಪಿ ಅಂಗಡಿಗಳಲ್ಲಿ ಟೈಪ್ ಆದ ಹಳೆಯ ಕೆಲಸವೆಲ್ಲ ಹೆಚ್ಚಾಗಿ ಇದೇ ಥರ. ಇಲ್ಲಿ ಫೈಲ್‌ನೊಳಗೆ ಕನ್ನಡ ಅಕ್ಷರ ಎಂಬುದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಬಿಡಿಸಿದ ಫಾಂಟ್ ಇದೆ, ಅಷ್ಟೇ. ದೊಡ್ಡ ಪಿ ಒತ್ತಿದರೆ ತಲೆಕಟ್ಟಿಲ್ಲದ ಕ ಕಾಣುತ್ತದೆ. ಗೀಟಿನ ದೊಡ್ಡ ಎ ಎಂದರೆ ತಲೆಕಟ್ಟು. ಪೌಂಡ್ ಗುರುತು ಎಂದರೆ ನ. ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಚಿಹ್ನೆಗಳು ಉಳಿಯುತ್ತವೆ.

ಐಕಾನ್ವ್‌ಗೆ ಇದು ಗೊತ್ತಿಲ್ಲ. ಗೊತ್ತಿದ್ದರೂ ಸಾಲದು. ಚೂರುಗಳು ಇರುವುದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಉಚ್ಚಾರದ ಕ್ರಮದಲ್ಲಿ ಅಲ್ಲ. "ಕರ್ನಾಟಕ" ಎಂಬಲ್ಲಿ ಅರ್ಕಾವತ್ತು ಕಾಣುವುದು ನಾ ಆದಮೇಲೆ. ನುಡಿಯ ಫೈಲ್‌ನಲ್ಲೂ ಅದು ನಾ ಆದಮೇಲೇ ಇದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಅಂದರೆ ಬದಲಿಸುವ ಪ್ರೋಗ್ರಾಂ ಅಕ್ಷರ ಬದಲಿಸಿದರೆ ಸಾಲದು, ಜಾಗವನ್ನೂ ಬದಲಿಸಬೇಕು. ಹಾಗಾಗಿ ಅದಕ್ಕೆಂದೇ ಮಾಡಿದ ಪರಿವರ್ತಕ ಬೇಕು. ನುಡಿ, ಬರಹ ತಂತ್ರಾಂಶಗಳ ಜೊತೆಗೇ ಅದು ಬರುತ್ತದೆ.

ಐಕಾನ್ವ್‌ಗೂ ಇಲ್ಲಿ ಒಂದು ಕೆಲಸ ಇದೆ. ಪರಿವರ್ತಕಕ್ಕೆ ಯುಟಿಎಫ್-8 ಪಠ್ಯ ಬೇಕಾದರೆ ಮೊದಲು ಫೈಲನ್ನು ವಿಂಡೋಸ್-1252ರಿಂದ ಯುಟಿಎಫ್-8ಕ್ಕೆ ತನ್ನಿ. ಐಎಸ್‌ಒ-8859-1 ಎಂದು ಕೊಡಬೇಡಿ. 80ರಿಂದ 9ಎಫ್ ನಡುವಿನ ಬೈಟ್‌ಗಳಿದ್ದರೆ ಆ ಎರಡರಲ್ಲಿ ಅವುಗಳ ಅರ್ಥ ಬೇರೆ ಬೇರೆ.

ಬದಲಿಸಿದ ಮೇಲೆ ಮೊದಲು ನೋಡಬೇಕಾದ್ದು ಅರ್ಕಾವತ್ತಿನ ಪದಗಳು. ನಾನು ಕರ್ಣ, ಅರ್ಜುನ, ಧರ್ಮ, ಸೂರ್ಯ ಎಂದು ಹುಡುಕುತ್ತೇನೆ. ಯಕ್ಷಗಾನದ ಫೈಲ್‌ನಲ್ಲಿ ಇವಕ್ಕೆ ಬರಗಾಲ ಇಲ್ಲ. ಇವು ಸರಿಬಂದರೆ ಉಳಿದದ್ದೂ ಹೆಚ್ಚಾಗಿ ಸರಿ. ಆಮೇಲೆ ನಡುವೆ ಇದ್ದ ಇಂಗ್ಲಿಷ್ ಪದಗಳನ್ನು ನೋಡಿ. ಬರೀ ಟಿಎಕ್ಸ್‌ಟಿ ಫೈಲ್‌ನಲ್ಲಿ ಯಾವುದು ಇಂಗ್ಲಿಷ್, ಯಾವುದು ಕನ್ನಡದ ಚೂರು ಎಂಬ ಗುರುತು ಇರುವುದಿಲ್ಲ. ಇಂಗ್ಲಿಷ್ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡ ಆಗಿರುತ್ತವೆ. ಮೂಲ ವರ್ಡ್ ಫೈಲ್ ಸಿಕ್ಕರೆ ಅದರಿಂದಲೇ ಬದಲಿಸಿ, ಅದರಲ್ಲಿ ಫಾಂಟ್‌ನ ಮಾಹಿತಿ ಉಳಿದಿರುತ್ತದೆ.

ಶ್ರೀಲಿಪಿ, ಆಕೃತಿಯಂಥವುಗಳಲ್ಲಿ ಚೂರುಗಳ ಜೋಡಣೆ ಬೇರೆ. ನುಡಿಯ ಪರಿವರ್ತಕಕ್ಕೆ ಅವನ್ನು ಹಾಕಬೇಡಿ. ಯಾವ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಎಂದು ಅಂಗಡಿಯವರನ್ನೇ ಕೇಳುವುದು ವಾಸಿ. ಭಾಗವತರು ಎರಡು ಫೋನ್ ಮಾಡಿ ನನ್ನ ಎರಡು ದಿನ ಉಳಿಸಿದರು.

ಸಣ್ಣಪುಟ್ಟವು

ಫೈಲ್‌ನ ತಲೆಯಲ್ಲಿ "ಇಎಫ್ ಬಿಬಿ ಬಿಎಫ್" ಇದ್ದರೆ ಅದು ಯುಟಿಎಫ್-8ರ ಬಿಒಎಂ. ಪಠ್ಯ ಚೆನ್ನಾಗಿಯೇ ಕಾಣುತ್ತದೆ. ಮೊದಲ ಸಾಲಿನ ಮೊದಲ ಪದ ಮಾತ್ರ ಹುಡುಕಿದರೆ ಸಿಗುವುದಿಲ್ಲ, ಪಟ್ಟಿಯ ಮೊದಲ ಕಾಲಂ ಹೆಸರು ಗುರುತಾಗುವುದಿಲ್ಲ. "ಟೇಲ್ -ಸಿ +4" ಎಂದರೆ ಆ 3 ಬೈಟ್ ಬಿಟ್ಟು ಉಳಿದದ್ದು ಬರುತ್ತದೆ. ಎಕ್ಸೆಲ್‌ನಲ್ಲಿ ನೇರ ತೆರೆಯುವ ಸಿಎಸ್‌ವಿಗೆ ಮಾತ್ರ ಈ ಗುರುತು ಇರಲಿ. ಅದಿಲ್ಲದಿದ್ದರೆ ಎಕ್ಸೆಲ್ ಯುಟಿಎಫ್-8 ಎಂದು ತಿಳಿಯದೆ ಗೀಟು ತೋರಿಸುತ್ತದೆ.

ಬೈಟ್‌ಗಳೆಲ್ಲ ಎ0ಗಿಂತ ಮೇಲಿದ್ದು, ಇ0 ಬಿ2 ತಾಳವೂ ಇಲ್ಲ, ದೊಡ್ಡ ಎ ಕೂಡ ಇಲ್ಲ ಎಂದಾದರೆ ಇಸ್ಕಿ ಇರಬಹುದು. ಐಎಸ್ 13194, 1991ರ ಭಾರತೀಯ ಮಾನಕ. ಅದರಲ್ಲಿ ಕನ್ನಡದ ಕ, ಹಿಂದಿಯ ಕ ಎರಡಕ್ಕೂ ಒಂದೇ ಬೈಟ್, ಬಿ3. ವಿಂಡೋಸ್‌ನಲ್ಲಿ ಕನ್ನಡ ಇಸ್ಕಿಯ ಸಂಖ್ಯೆ 57008. ಲಿನಕ್ಸ್‌ನಲ್ಲಿ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಜೊತೆ ಬರುವ ಯುಕಾನ್ವ್ ಕಮಾಂಡ್ ಅದನ್ನು ಓದುತ್ತದೆ.

ತುಳು ಪಠ್ಯ ಕನ್ನಡ ಲಿಪಿಯಲ್ಲಿದ್ದರೆ ಮೇಲಿನದ್ದೆಲ್ಲ ಹಾಗೇ ಅನ್ವಯಿಸುತ್ತದೆ. ತುಳು ಲಿಪಿಯಲ್ಲೇ ಬರೆದಿದ್ದರೆ ಬೈಟ್ ಬೇರೆ. 2024ರಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿಗೆ ಜಾಗ ಸಿಕ್ಕಿತು. ಅಲ್ಲಿ ಪ್ರತಿ ಚಿಹ್ನೆಗೆ 4 ಬೈಟ್, ಶುರು "ಎಫ್0 91 8ಇ" ಅಥವಾ "ಎಫ್0 91 8ಎಫ್". ಇದು ಕಂಡರೆ ಕೆಟ್ಟಿದೆ ಎಂದು ತಿದ್ದಲು ಹೋಗಬೇಡಿ. ಲಿಪಿ ಹೊಸದು, ಫಾಂಟ್ ಹಾಕಿಕೊಳ್ಳಿ.

ಅರ್ಧದಲ್ಲಿ ನಿಂತಾಗ

ಐಕಾನ್ವ್ ಅರ್ಧ ದಾರಿಯಲ್ಲಿ ನಿಂತು, ಇಂಥ ಸ್ಥಾನದಲ್ಲಿ ಒಪ್ಪದ ಬೈಟ್ ಇದೆ ಎಂದರೆ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. 5120 ಎಂದಿಟ್ಟುಕೊಳ್ಳೋಣ.

ಎಕ್ಸ್‌ಎಕ್ಸ್‌ಡಿ -ಜಿ 1 -ಎಸ್ 5100 -ಎಲ್ 64 ಪದ್ಯ.ಟಿಎಕ್ಸ್‌ಟಿ

ಅಲ್ಲಿಯವರೆಗೆ ಇ0 ಬಿ2 ಇದ್ದು, ಅಲ್ಲಿಂದ ಮುಂದೆ ಒಂದು ಬಿಟ್ಟು ಒಂದು 0ಸಿ ಶುರುವಾಗಿದ್ದರೆ ಎರಡು ಎನ್‌ಕೋಡಿಂಗ್‌ನ ಪಠ್ಯವನ್ನು ಒಂದೇ ಫೈಲಿಗೆ ಅಂಟಿಸಿದ್ದಾರೆ. ಪವರ್‌ಶೆಲ್ 5.1ರಲ್ಲಿ ಎರಡು ಬಾಣ ಹಾಕಿ ಯುಟಿಎಫ್-8 ಫೈಲ್‌ನ ಬಾಲಕ್ಕೆ ಸೇರಿಸಿದರೆ ಹೀಗೇ ಆಗುತ್ತದೆ. "ಹೆಡ್ -ಸಿ 5120" ಎಂದು ಮೊದಲ ತುಂಡು, "ಟೇಲ್ -ಸಿ +5121" ಎಂದು ಎರಡನೇ ತುಂಡು ಮಾಡಿ. ಎರಡನೆಯದನ್ನು ಯುಟಿಎಫ್-16ಎಲ್‌ಇ ಎಂದು ಬದಲಿಸಿ, ಕ್ಯಾಟ್‌ನಲ್ಲಿ ಜೋಡಿಸಿ. ತುಂಡು ಮಾಡುವ ಜಾಗ ಒಂದು ಬೈಟ್ ಆಚೀಚೆ ಆದರೂ ಎರಡನೇ ಭಾಗ ಪೂರ್ತಿ ಅಡಿಮೇಲಾಗುತ್ತದೆ. ಬೈಟ್ ನೋಡಿಯೇ ಕತ್ತರಿಸಿ.

ತಪ್ಪು ಫೈಲ್‌ನ ಕೊನೆಯಲ್ಲೇ ಬಂದರೆ, ಅಕ್ಷರ ಅಪೂರ್ಣ ಎಂಬ ಅರ್ಥದ ಸಂದೇಶ ಇದ್ದರೆ, ಫೈಲ್ ಕಾಪಿ ಆಗುವಾಗ ತುಂಡಾಗಿದೆ. ಎನ್‌ಕೋಡಿಂಗ್‌ನಲ್ಲಿ ಹುಡುಕುವುದು ಬಿಟ್ಟು ಮೂಲ ಪೆನ್ ಡ್ರೈವ್‌ನಿಂದ ಮತ್ತೊಮ್ಮೆ ಕಾಪಿ ಮಾಡಿ.

ಎಲ್ಲ ಸರಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ

ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊಕಾರ, ದೀರ್ಘ ಎಂದು ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್ ಬೇರೆ. "ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ" ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ಫೋಲ್ಡರ್‌ನ ಎಲ್ಲ ಫೈಲ್‌ಗಳಿಗೂ ಕೊನೆಗೊಮ್ಮೆ ಇದನ್ನು ಮಾಡಿಬಿಡಿ.

ಸರಿಯಾಯಿತಾ ಎಂದು ನೋಡುವುದು

ಹೊಸ ಫೈಲನ್ನು ಯುಟಿಎಫ್-8ರಿಂದ ಯುಟಿಎಫ್-8ಕ್ಕೇ ಐಕಾನ್ವ್ ಮಾಡಿ. ತಪ್ಪಿಲ್ಲದೆ ಮುಗಿದರೆ ಬೈಟ್‌ಗಳು ಸರಿ. ಆಮೇಲೆ ಹೊಸ ಫೈಲನ್ನು ಹಳೆಯ ಎನ್‌ಕೋಡಿಂಗ್‌ಗೆ ವಾಪಸ್ ತಿರುಗಿಸಿ, ಸಿಎಂಪಿ ಕಮಾಂಡ್‌ನಿಂದ ಮೂಲದ ಜೊತೆ ಹೋಲಿಸಿ. ಅದು ಏನೂ ಹೇಳದೆ ಸುಮ್ನೆ ಮುಗಿದರೆ ಒಂದು ಬೈಟ್ ಕೂಡ ಕಳೆದಿಲ್ಲ. ಎನ್‌ಎಫ್‌ಸಿ ಮಾಡುವ ಮೊದಲೇ ಇದನ್ನು ಮಾಡಬೇಕು. ನುಡಿಯ ಫೈಲ್‌ಗಳಿಗೆ ಈ ಪರೀಕ್ಷೆ ಆಗುವುದಿಲ್ಲ, ಅವನ್ನು ಓದಿಯೇ ನೋಡಬೇಕು.

ಬರೀ ಪ್ರಶ್ನೆ ಚಿಹ್ನೆ

ಕೊನೆಗೆ ಒಂದು ಬಗೆ ಉಳಿಯುತ್ತದೆ. ಬೈಟ್‌ಗಳಲ್ಲಿ 3ಎಫ್ 3ಎಫ್ 3ಎಫ್ ಎಂದು ಸಾಲು. 3ಎಫ್ ಎಂದರೆ ಪ್ರಶ್ನೆ ಚಿಹ್ನೆ. ಕನ್ನಡ ಪಠ್ಯವನ್ನು ಆನ್ಸಿ (ವಿಂಡೋಸ್-1252ರಂಥ ಹಳೆಯ ಎನ್‌ಕೋಡಿಂಗ್) ಎಂದು ಸೇವ್ ಮಾಡಿದಾಗ ಪ್ರತಿ ಚಿಹ್ನೆಯ ಜಾಗದಲ್ಲೂ ಇದು ಬಂದು ಕೂರುತ್ತದೆ. "ಇಎಫ್ ಬಿಎಫ್ ಬಿಡಿ" ಎಂದು ಸಾಲಾಗಿ ಬಂದರೂ ಅದೇ ಕಥೆ, ಅದು ಓದಲಾಗದ ಅಕ್ಷರದ ಬದಲಿ ಗುರುತು. ಒಳಗೆ ಏನಿತ್ತು ಎಂಬುದು ಫೈಲ್‌ನಲ್ಲಿ ಎಲ್ಲೂ ಇಲ್ಲ. ಯಾವ ಕಮಾಂಡೂ ಅದನ್ನು ತರುವುದಿಲ್ಲ. ಹಳೆಯ ಕಾಪಿ, ಇಮೇಲ್‌ನ ಲಗತ್ತು, ಮುದ್ರಿಸಿದ ಹಾಳೆ ಹುಡುಕಿ.

ಭಾಗವತರ ಫೋಲ್ಡರ್‌ನಲ್ಲಿ ಇಂಥದ್ದು ಒಂದು ಫೈಲ್ ಇತ್ತು. ಪ್ರಶ್ನೆ ಚಿಹ್ನೆಗಳ ನಡುವಿನ ಖಾಲಿ ಜಾಗ, ಸಾಲು ಮುರಿದ ಜಾಗ ಹಾಗೇ ಉಳಿದಿದ್ದವು. ಪರದೆ ಅವರ ಕಡೆ ತಿರುಗಿಸಿ, "ಇದು ಮಾತ್ರ ಹೋಯ್ತು ಭಾಗವತರೇ" ಎಂದೆ. ಅವರು ಸ್ವಲ್ಪ ಹೊತ್ತು ನೋಡಿದರು. ಸಾಲುಗಳ ಉದ್ದ ಎಣಿಸಿದರು. "ಇದು ಭಾಮಿನಿ ಅಲ್ವಾ? ಎರಡು ಸಾಲು, ಆಮೇಲೆ ಉದ್ದದ್ದು, ಮತ್ತೆ ಹಾಗೇ. ಇದು ನನಗೆ ಬರ್ತದೆ, ನೀವು ಟೈಪ್ ಮಾಡಿ" ಎಂದು ಹೇಳಿ, ಮೇಜಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಾ ಶುರು ಮಾಡಿದರು. ನಾನು ಹೊಸ ಫೈಲ್ ತೆರೆದು, ಯುಟಿಎಫ್-8 ಎಂದು ಮೊದಲೇ ಸೇವ್ ಮಾಡಿಕೊಂಡು, ಬರೆಯುತ್ತಾ ಹೋದೆ.